ಆರನೆಯ ತೂತು

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ, ನಸುಕಿನ ಹೊತ್ತು, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಗೇಟಿನೆದುರಿಗೆ ಒಂದೇ ಕಂಬಕ್ಕೆ ಎರಡು ದೀಪ — ನಿನ್ನೆಯವರೆಗೆ ಒಂದೇ ಇತ್ತಲ್ಲ, ಇನ್ನೊಂದನ್ನು ಯಾವಾಗ ಹಾಕಿದರು, ತನಗೆ ಹೇಳದೆ ಯಾರು ಏಣಿ ಹಚ್ಚಿದರು ಎಂದು ಕಾವಲಿನ ಪರಮೇಶಪ್ಪ ಕುರ್ಚಿಯಿಂದೆದ್ದು ನೋಡಿದ, ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡ, ಬಲಗಣ್ಣು ಮುಚ್ಚಿದ, ಒಂದು ದೀಪ, ಎಡಗಣ್ಣು ಮುಚ್ಚಿದ, ಎರಡು, ಒಂದರ ಹೆಗಲಿಗೆ ಇನ್ನೊಂದು ತಲೆಯಿಟ್ಟು ನಿಂತ ಹಾಗೆ ಎರಡು, ಮೆಣಸಿನಕಾಯಿಯ ಘಾಟು ಇರಬೇಕು, ಸುಗ್ಗಿಯಲ್ಲಿ ಇಡೀ ಊರೇ ಕಣ್ಣೀರು ಸುರಿಸುವ ಊರು ಇದು, ಆದರೆ ಅವನ ಕಣ್ಣಿಗೆ ಘಾಟು ತಾಗಿದ್ದೇ ಇಲ್ಲ, ಬೇಕೆಂದೇ ಪೇಟೆಯ ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಸೀನು ತಡೆಯುವುದನ್ನು, ರೆಪ್ಪೆ ಬಡಿಯದಿರುವುದನ್ನು ವರ್ಷಗಟ್ಟಲೆ ಕಲಿತ ಕಣ್ಣು ಅದು, ಬಲಗಣ್ಣು, ಗುರಿಯ ಕಣ್ಣು, ರಾಜ್ಯದ ಪಿಸ್ತೂಲು ಚಾಂಪಿಯನ್ ಎಂದು ಪೇಪರಿನವರು ಒಮ್ಮೆ ಮುಖ ಬಿಟ್ಟು ಬರೀ ಆ ಒಂದು ಕಣ್ಣಿನ ಫೋಟೋ ತೆಗೆದುಕೊಂಡು ಹೋಗಿದ್ದರು, ಮುಖ ಯಾಕೆ ಬೇಡವಾಯಿತು ಎಂದು ಅವನು ಕೇಳಲಿಲ್ಲ, ಕೇಳುವ ಸ್ವಭಾವವಲ್ಲ, ಮತ್ತೆ ಬಲಗಣ್ಣು ಮುಚ್ಚಿದ, ಒಂದು, ತೆರೆದ, ಎರಡು — ಅಲ್ಲಿಂದ ಅದು ಶುರುವಾದದ್ದು. ಹಾವೇರಿಯ ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂಡ್ರಿಸಿ ಬೆಳಕು ಬಿಟ್ಟು ನೋಡಿ, ಪೊರಿ ಅಲ್ರಿ ಇದು, ಹಿಂದಿನ ಪರದಿ ಸುಕ್ಕಾಗೈತಿ, ಆಪರೇಷನ್ ಮಾಡಿದ್ರೂ ಮೊದಲಿನಂಗ ಆಕ್ಕೈತಿ ಅಂತ ನಾ ಹೇಳಾಂಗಿಲ್ಲ ಎಂದರು, ಅವನು ಹೂಂ ಎಂದ, ಚಪ್ಪಲಿ ಹಾಕಿಕೊಂಡ, ಬಸ್ಸು ಹತ್ತಿದ, ಯಾರಿಗೂ ಹೇಳಲಿಲ್ಲ, ಹೇಳಲಿಕ್ಕೆ ಯಾರಿದ್ದರು ಎಂದರೆ ಒಬ್ಬನೇ, ಆ ಒಬ್ಬನಿಗೆ ಹೇಳಬಾರದಾಗಿತ್ತು.

ಆ ಒಬ್ಬ ಈಗ ಎಡಗಡೆ ನಿಂತಿದ್ದಾನೆ, ಮಾಘ ಬಂತು, ಗುರುವಾರ, ಹಾವೇರಿಯ ಹೊರಗೆ ಗುಡ್ಡದ ಮಗ್ಗುಲಿಗೆ ಪೊಲೀಸರ ಗುಂಡು ಹಾರಿಸುವ ಬಯಲು, ಹೈವೇಯ ಲಾರಿಗಳ ಸದ್ದು ಗುಡ್ಡ ಸುತ್ತಿ ತಡವಾಗಿ ಬರುತ್ತದೆ, ಗುರುವಾರ ಪೇಟೆಯ ದಿನ, ಬ್ಯಾಡಗಿಗೆ ಲಾರಿ ತುಂಬಿ ಮೆಣಸಿನಕಾಯಿ ಬರುವ ದಿನ ರಜೆ ಕೇಳತೀರಲ್ಲ ಅಜ್ಜಾರ ಎಂದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರು ಗೊಣಗಿದ್ದ, ಕೊಟ್ಟ, ಜಿಲ್ಲೆಯ ಹಿರಿಯರ ಪಂದ್ಯ ಎಂದರೆ ಪರಮೇಶಪ್ಪನಿಗೆ ವರ್ಷಕ್ಕೊಂದು ಹಬ್ಬ ಎಂದು ಅವನಿಗೂ ಗೊತ್ತು, ಎಡಗಡೆ ಸಲಾವುದ್ದೀನ, ರಾಣೆಬೆನ್ನೂರಿನವನು, ಗಡಿಯಾರ ರಿಪೇರಿಯವರ ಮನೆಯ ಹುಡುಗ, ಧಾರವಾಡದ ಪೊಲೀಸ್ ಮೈದಾನದಲ್ಲಿ ಒಂದೇ ದಿನ ಇಬ್ಬರೂ ಭರ್ತಿಯಾದದ್ದು, ಒಂದೇ ಟ್ರಂಕಿನ ಮೇಲೆ ಕುಳಿತು ತಲೆ ಬೋಳಿಸಿಕೊಂಡದ್ದು, ಅಂದಿನಿಂದ ಎಲ್ಲಿ ಪಂದ್ಯವಿದ್ದರೂ ಪರಮೇಶಪ್ಪನ ಪಕ್ಕದ ಸಾಲಿನಲ್ಲಿ ಅವನು, ಎಲ್ಲಿ ಪರಮೇಶಪ್ಪ ಮೊದಲಿಗನೋ ಅಲ್ಲಿ ಅವನು ಎರಡನೆಯವನು, ಈಗ ಹೆಂಡತಿ ತೀರಿಕೊಂಡ ಮೇಲೆ ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದಾನೆ, ಬರುವ ಆದಿತ್ಯವಾರ, ಸಾಮಾನು ಕಟ್ಟಿಯಾಗಿದೆ, ಮತ್ತೆ ಬರತೀಯೇನು ಎಂದರೆ ಎದಕ್ಕ ಬರಲಿ ಎಂದ. ಹೀಗಾಗಿ ಇದು ಇಬ್ಬರೂ ಕೂಡಿದ ಕೊನೆಯ ಪಂದ್ಯ, ಅದರ ಕೊನೆಯ ಐದು ಗುಂಡು, ಐದು ನಿಮಿಷ, ಒಬ್ಬೊಬ್ಬನಿಗೆ ಒಂದೊಂದು ಕಾರ್ಡು, ಬಿಳಿಯ ನಡುವೆ ಕರಿಯ ವೃತ್ತ, ಬಯಲಿನ ತುದಿಗೆ ಒಂದರ ಪಕ್ಕ ಒಂದು ಸಾಲಾಗಿ ನಿಂತ ಕಾರ್ಡುಗಳು, ಅವನ ಬಲಗಣ್ಣಿಗೆ ಎಲ್ಲವೂ ಜೋಡಿ ಜೋಡಿ, ಇವತ್ತು ಬೆಳಗಿನಿಂದ ಒಂದು ಉಪಾಯ ಹುಡುಕಿಕೊಂಡಿದ್ದ, ಎರಡರಲ್ಲಿ ಬಲಗಡೆಯದು ಖರೇ, ಎಡಗಡೆಯದು ಸುಳ್ಳು, ಬಲಗಡೆಯದಕ್ಕೆ ಹೊಡಿ, ಅಷ್ಟೇ, ಅದೂ ನಡೆದಿತ್ತು, ಬಿಸಿಲೇರುವವರೆಗೆ ನಡೆದಿತ್ತು, ಸಲಾವುದ್ದೀನನಿಗಿಂತ ಒಂದೇ ಒಂದು ಅಂಕ ಹಿಂದೆ ಇದ್ದ — ಹಿಂದೆ, ಪರಮೇಶಪ್ಪ ಹಿಂದೆ, ಇಂಥದು ಮೊದಲು ಆಗಿದ್ದು ಯಾವಾಗ, ಆಗಿಯೇ ಇರಲಿಲ್ಲ. ಉಸಿರು ತೆಗೆದುಕೊಂಡ, ಅರ್ಧ ಬಿಟ್ಟ, ಉಳಿದರ್ಧವನ್ನು ಎದೆಯಲ್ಲಿ ನಿಲ್ಲಿಸಿದ, ಬೆರಳು ತಾನಾಗಿ ಪಿಸ್ತೂಲಿನ ಕುದುರೆಯನ್ನು ಒತ್ತಿತು, ಗುಂಡು ಹೋಯಿತು, ಐದನೆಯದು, ಪಿಸ್ತೂಲನ್ನು ಕಟ್ಟೆಯ ಮೇಲಿಟ್ಟ, ಆಯಿತು ಎಂದುಕೊಂಡ. ಆಗ ಹಿಂದಿನಿಂದ ಧ್ವನಿ ಬಂತು.

ಧ್ವನಿ ಬಂದದ್ದು ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ, ಗುಂಡು ಹಾರಿದ ಮೇಲಿನ ಒಂದು ಗಳಿಗೆ ಅವನಿಗೆ ಯಾವ ಧ್ವನಿಯೂ ಮನಸ್ಸಿಗೆ ಬೀಳುವುದಿಲ್ಲ, ಹಾಗೆ ಪಳಗಿಸಿದವರು ಅಂದಾನೆಪ್ಪನವರು, ಧಾರವಾಡದ ಆಯುಧಕೋಠಿಯ ಹವಾಲ್ದಾರರು, ಮೊದಲ ಸಲ ಇವನ ಕೈ ಚಾಚಿಸಿ ನೋಡಿ ಕಾಗಿನೆಲಿಯಾಂವ ಏನು, ಹೊಲದಾಗ ಎತ್ತಿನ ಬಾಲ ಹಿಡದಂಗ ಹಿಡದೀಯಲ್ಲೋ ಪಿಸ್ತೂಲು ಎಂದು ನಕ್ಕವರು, ಆಮೇಲೆ ಖಾಲಿ ಪಿಸ್ತೂಲಿನ ನಳಿಗೆಯ ಮೇಲೆ ಒಂದು ನಾಣ್ಯ ನಿಲ್ಲಿಸಿ ಒತ್ತು ಎಂದರು, ನಾಣ್ಯ ಬಿತ್ತು, ಮತ್ತೆ ನಿಲ್ಲಿಸು, ಮತ್ತೆ ಬಿತ್ತು, ಮಳೆಗಾಲ ಕಳೆಯುವಷ್ಟರಲ್ಲಿ ನಾಣ್ಯ ಬೀಳುವುದನ್ನು ಮರೆಯಿತು, ಅಂದಾನೆಪ್ಪನವರು ಕಿವಿಯ ಹತ್ತಿರ ಬಂದು ಚಪ್ಪಾಳೆ ತಟ್ಟಿದರು, ಬೀಳಲಿಲ್ಲ, ನಿಮ್ಮ ಅವ್ವ ಸತ್ತಾಳಂತ ತಂತಿ ಬಂದೈತಿ ಎಂದರು, ಬೀಳಲಿಲ್ಲ, ಅವರೇ ನಾಣ್ಯ ಎತ್ತಿಕೊಂಡರು, ಸುಳ್ಳು ಹೇಳಿದೆ ಹುಡುಗಾ, ಆದರ ನೀ ಹೊಳ್ಳಿ ನೋಡಬೇಕಾಗಿತ್ತು ಎಂದರು, ಹೊಗಳಿದರೋ ಬೈದರೋ ಇಂದಿಗೂ ತಿಳಿದಿಲ್ಲ. ಆ ವರ್ಷವೇ ಪೊಲೀಸರ ಪಂದ್ಯದಲ್ಲಿ ಮೊದಲ ಪದಕ, ಮುಂದೆ ರಾಜ್ಯದ್ದು, ಮುಂದೆ ಸಾಲು ಸಾಲಾಗಿ ರಾಜ್ಯದ್ದು, ದಿಲ್ಲಿಯಲ್ಲಿ ದೇಶದ ಪಂದ್ಯದ ಬಂಗಾರ, ರೈಲಿನಿಂದ ಇಳಿದಾಗ ಬ್ಯಾಡಗಿ ಸ್ಟೇಷನ್ನಿಗೆ ಹಲಗೆ ಬಾರಿಸುವವರು ಬಂದಿದ್ದರು, ಕೊರಳಿಗೆ ಮೆಣಸಿನಕಾಯಿ ಮಾಲೆ ಹಾಕಿದರು, ಡಬ್ಬಿ ಮೆಣಸಿನಕಾಯಿ, ಕೆಂಪಗೆ ಸುಕ್ಕಾಗಿ ಹೊಳೆಯುವುದು, ಖಾರವಿಲ್ಲದ್ದು, ಅದನ್ನು ಮನೆಗೆ ಒಯ್ದು ಹೆಂಡತಿ ಹೊಳಿಯವ್ವನ ಕೈಗೆ ಕೊಟ್ಟ, ಆಕೆ ಮಾಲೆ ಬಿಚ್ಚಿ ತೊಟ್ಟು ಮುರಿಯುತ್ತ ಕುಳಿತಳು, ಹುಟ್ಟಿದಾಗಿನಿಂದ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸದ ಮನೆಯವಳು, ಕೈ ಸುಮ್ಮನಿರದು, ಬಾಯಿಯೂ ಸುಮ್ಮನಿರದು, ದಿಲ್ಲಿ ಹ್ಯಾಂಗಿತ್ತರಿ, ಚಳಿ ಇತ್ತೇನ್ರಿ, ಉಣ್ಣಾಕ ಏನು ಕೊಟ್ರರಿ, ಅವನು ಚೆನ್ನಾಗಿತ್ತು ಎಂದ, ಅಷ್ಟೇ ಎಂದ, ಎದ್ದು ಹೋಗಿ ಅಡುಗೆಮನೆಯ ಗೋಡೆಯ ಮೇಲಿನ ಚುಕ್ಕೆಯ ಎದುರು ನಿಂತ, ಇದ್ದಲಿಯಿಂದ ಅವನೇ ಬರೆದದ್ದು, ಲಿಂಬೆಕಾಯಿಯಷ್ಟು, ದಿನಾ ಸಂಜೆ ಖಾಲಿ ಪಿಸ್ತೂಲು ಹಿಡಿದು ಅದರೆದುರು ನಿಲ್ಲುವುದು, ನಿಂತಾಗ ಮಾತಾಡುವಂತಿಲ್ಲ, ಕೇಳುವಂತಿಲ್ಲ, ಹೊಳಿಯವ್ವ ಚಹಾದ ಕಪ್ಪು ಹಿಡಿದು ಮಗ್ಗುಲಿಗೆ ನಿಂತಿರುತ್ತಿದ್ದಳು, ಚಹಾ ಆರುತ್ತಿತ್ತು, ಮತ್ತೆ ಕಾಸಿ ತರುತ್ತಿದ್ದಳು, ಒಂದು ಸುಗ್ಗಿಯಲ್ಲಿ ತವರಿಗೆ ಹೋದಳು, ಎರಡು ಓಣಿ ಆಚೆಗೇ ತವರು, ಸುಗ್ಗಿ ಮುಗಿದರೂ ಬರಲಿಲ್ಲ, ಕರೆಯಲಿಕ್ಕೆ ಹೋದ ಸಲಾವುದ್ದೀನನ ಎದುರು ಹೇಳಿದಳಂತೆ, ಗ್ವಾಡಿ ಮ್ಯಾಲಿನ ಚುಕ್ಕಿ ನೋಡಿದಷ್ಟು ಹೊತ್ತು ನನ್ನ ಮಾರಿ ನೋಡಿದ್ರ ನಾ ಯಾಕ ಬರತಿದ್ದೆ ಅಣ್ಣಾ. ಈಗಲೂ ಪೇಟೆಯಲ್ಲಿ ಎದುರಾಗುತ್ತಾಳೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂದಲು ಬೆಳ್ಳಗಾಗಿದೆ, ಊಟ ಆತೇನ್ರಿ ಎನ್ನುತ್ತಾಳೆ, ಆತು ಎನ್ನುತ್ತಾನೆ, ಅವಳು ಇನ್ನೂ ಒಂದು ಗಳಿಗೆ ನಿಂತಿರುತ್ತಾಳೆ, ಇವನೂ ನಿಂತಿರುತ್ತಾನೆ, ಆಮೇಲೆ ಇಬ್ಬರೂ ಹೋಗುತ್ತಾರೆ.

ಧ್ವನಿ ಇನ್ನೊಮ್ಮೆ ಬಂತು. ಪಂದ್ಯ ನಡೆಸುವ ಕಿರಣಕುಮಾರ, ಹಾವೇರಿಗೆ ಹೊಸದಾಗಿ ಬಂದ ಸಬ್ ಇನ್ಸ್‌ಪೆಕ್ಟರು, ದುರ್ಬೀನು ಕಣ್ಣಿಗೆ ಹಚ್ಚಿಕೊಂಡೇ ಕೇಳುತ್ತಿದ್ದಾನೆ, ಸಲಾವುದ್ದೀನ ಸಾಬರ ಕಾರ್ಡಿನ್ಯಾಗ ಆರು ತೂತು ಅದಾವು, ಪರಮೇಶಪ್ಪನವರ ಕಾರ್ಡಿನ್ಯಾಗ ನಾಲ್ಕ ಅದಾವು, ಯಾರು ಯಾರದಕ್ಕ ಹೊಡದೀರಿ — ಆರು ಮತ್ತು ನಾಲ್ಕು, ಬಲಗಡೆಯದು ಖರೇ ಎಂದುಕೊಂಡಿದ್ದೆನಲ್ಲ, ಬಿಸಿಲಿಗೆ ಬಲ ಎಡ ಯಾವಾಗ ಕಲೆಯಿತು, ಎಡಗಡೆಗೆ ಸರಿದು ಇನ್ನೊಬ್ಬನ ಕಾರ್ಡಿಗೇ ಹೋಗಿ ನಿಂತಿತೇ ಕಣ್ಣು, ಇನ್ನೊಬ್ಬನ ಕಾರ್ಡಿಗೆ ಹೊಡೆಯುವುದು, ಹೊಸಬರು ಮಾಡುತ್ತಾರೆ, ಮೊದಲ ತಿಂಗಳು ಕೈ ನಡುಗುವ ಪೋರರು ಮಾಡುತ್ತಾರೆ, ಸಾಲಿನ ತುಂಬ ನಗೆ ಏಳುತ್ತದೆ, ಪರಮೇಶಪ್ಪ ಮಾಡಿದನೆಂದರೆ ಯಾರೂ ನಗುವುದಿಲ್ಲ, ಅದು ಇನ್ನೂ ಕೆಟ್ಟದ್ದು, ಮತ್ತೆ ಆ ಗುಂಡಿಗೆ ಸೊನ್ನೆ, ಸೊನ್ನೆಯಾದರೆ ಆಗಲಿ, ಆದರೆ ಹಿರಿಯರ ಪಂದ್ಯಕ್ಕೆ ಇವರು ಒಂದು ನಿಯಮ ಮಾಡಿದ್ದಾರೆ, ಇನ್ನೊಬ್ಬನ ಕಾರ್ಡಿಗೆ ಹೊಡೆದವನು ಕಣ್ಣಿನ ಡಾಕ್ಟರ ಚೀಟಿ ತರುವವರೆಗೆ ಸಾಲಿಗೆ ನಿಲ್ಲುವಂತಿಲ್ಲ, ಅವನ ಕೈಯ ಪಿಸ್ತೂಲು ಹಿರಿಯರ ಸಂಘದ್ದು, ಅದನ್ನಿಡುವ ಪೆಟ್ಟಿಗೆಯ ಬೀಗವೂ ಸಂಘದ್ದು, ಚೀಟಿ ಯಾವ ಡಾಕ್ಟರೂ ಕೊಡುವುದಿಲ್ಲ, ಕೊಡಲಾರರು, ಅಂದರೆ ಮುಗಿಯಿತು, ತಿಂಗಳಿಗೊಮ್ಮೆ ಅಭ್ಯಾಸಕ್ಕೆಂದು ಬಸ್ಸು ಹತ್ತಿ ಬಂದು ಈ ಕಟ್ಟೆಯ ಮುಂದೆ ನಿಲ್ಲುವುದು ಮುಗಿಯಿತು, ಆಮೇಲೆ ಗೇಟು, ಕುರ್ಚಿ, ದೀಪ, ಎರಡು ದೀಪ. ಹೇಳು, ಹೇಳಿಬಿಡು ಎಂದು ಬಾಯಿ ತೆರೆಯಿತು, ಅಷ್ಟರಲ್ಲಿ ಎಡಗಡೆಯಿಂದ ಕೈ ಎದ್ದಿತು. ಸಲಾವುದ್ದೀನನ ಎಡಗೈ, ನಿಧಾನವಾಗಿ, ಶಾಲೆಯಲ್ಲಿ ಹಾಜರಿ ಹೇಳುವವನ ಕೈಯ ಹಾಗೆ, ಮೊಣಕೈ ನೇರ, ಬೆರಳು ಕೂಡಿ, ಅಂಗಿಯ ತೋಳು ಜಾರಿ ಗಡಿಯಾರದ ಬಿಳಿಯ ಗುರುತು ಕಾಣುವ ಮಣಿಕಟ್ಟು, ಗಡಿಯಾರವನ್ನು ಪಂದ್ಯದ ದಿನ ಅವನು ಬಿಚ್ಚಿಡುತ್ತಾನೆ, ಆ ಕೈ ಎದ್ದು ನಿಂತಿತು.

ಆರೂ ನಂದ ಅದಾವ್ರಿ ಸಾಹೇಬ್ರ, ತಪ್ಪಿ ಒಂದು ಹೆಚ್ಚಿಗಿ ತುಂಬಿದ್ದೆ.

ಸುಳ್ಳು. ಸಲಾವುದ್ದೀನ ಗುಂಡಿನ ವಿಷಯದಲ್ಲಿ ಸುಳ್ಳು ಹೇಳುವುದೆಂದರೆ, ಎಷ್ಟು ಪಂದ್ಯಗಳಲ್ಲಿ ಗೆರೆಗೆ ತಾಗಿತೋ ಇಲ್ಲವೋ ಎಂಬ ತೂತನ್ನು ತಾಗಿಲ್ಲರೀ ಎಂದು ತಾನೇ ಹೇಳಿ ಅಂಕ ಬಿಟ್ಟುಕೊಟ್ಟವನು, ಗಡಿಯಾರದವರ ಮಗ ನಾನು, ಹೆಚ್ಚು ತೋರಿಸಬಾರದು ಕಡಿಮಿ ತೋರಿಸಬಾರದು ಎನ್ನುತ್ತಿದ್ದವನು, ಖಾಲಿ ತೋಟಾಗಳು ಇಬ್ಬರ ಕಾಲ ನಡುವೆ ಕಲೆತು ಬಿದ್ದಿವೆ, ಯಾರದು ಯಾವುದು ಯಾರೂ ಹೇಳಲಾರರು, ಕಿರಣಕುಮಾರ ದುರ್ಬೀನು ಇಳಿಸಿದ, ಸಾಬರ, ಹೆಚ್ಚಿನ ಗುಂಡಿಗೆ ನಿಮ್ಮ ಎಲ್ಲಾಕಿಂತ ಹೆಚ್ಚು ಅಂಕದ ತೂತು ಹೋಕ್ಕೈತಿ, ಮ್ಯಾಲ ಎರಡು ಅಂಕ ಕಡಿತೇನಿ, ಗೊತ್ತೈತೇನ್ರಿ, ಗೊತ್ತೈತ್ರಿ ಎಂದ ಸಲಾವುದ್ದೀನ, ಹಂಗಾರ ಪರಮೇಶಪ್ಪನವರ, ನಿಮ್ಮದು ಇನ್ನೂ ಒಂದು ಗುಂಡು ಬಾಕಿ ಐತಿ, ಟೈಮ್ ಐತಿ, ಹೊಡೀರಿ. ಹೊಡೆದರೆ ಗೆಲುವು, ಕರಿಯ ವೃತ್ತದ ಯಾವ ಅಂಚಿಗೆ ತಾಗಿದರೂ ಗೆಲುವು, ಸಲಾವುದ್ದೀನನ ಅಂಕ ಅಷ್ಟು ಕೆಳಗೆ ಹೋಯಿತು, ಜನ್ಮದಲ್ಲಿ ಮೊದಲ ಸಲ ಮೊದಲನೆಯವನಾಗಿದ್ದವನು ಕೈಯೆತ್ತಿ ಮತ್ತೆ ಎರಡನೆಯವನಾಗಿ ನಿಂತ, ಈ ಕಡೆ ತಿರುಗಿ ನೋಡಲಿಲ್ಲ, ನೋಡುವುದಿಲ್ಲ, ಬೆಳಿಗ್ಗೆ ಬಯಲಿನ ಆಚೆಯ ಚಹಾದ ಗೂಡಿನ ಮುಂದೆಯೂ ಹೀಗೆಯೇ ನೋಡಿರಲಿಲ್ಲ, ಪರಮೇಶಪ್ಪ ಕಪ್ಪಿಗೆ ಕೈ ಚಾಚಿದ್ದ, ಕೈ ಕಪ್ಪಿನ ಪಕ್ಕದ ಗಾಳಿಯನ್ನು ಹಿಡಿದಿತ್ತು, ಸಲಾವುದ್ದೀನ ಸದ್ದಿಲ್ಲದೆ ಕಪ್ಪನ್ನು ಬೆರಳಿನಿಂದ ಸರಿಸಿ ಅವನ ಕೈಯೊಳಗೆ ಇಟ್ಟಿದ್ದ, ಆಮೇಲೆ ಗೂಡಿನವನಿಗೆ ಈ ಚಾಂಪಿಯನ್ನನ ಸಂಗಾಟ ಅಡ್ಡಾಡಿ ನನಗ ಎರಡನೇದ ರೂಢಿ ಆಗೈತಿ, ಎರಡನೇದು ಹಗುರ ಇರತೈತಿ ನೋಡು, ಕುತ್ತಿಗಿ ನೋಯಾಂಗಿಲ್ಲ ಎಂದು ನಗಿಸಿದ್ದ, ಅಂದರೆ ಗೊತ್ತಿತ್ತು, ಬೆಳಿಗ್ಗೆಯೇ ಗೊತ್ತಿತ್ತು, ಅಥವಾ ಅದಕ್ಕೂ ಮೊದಲೇ, ಅವನಿಗೆ ಯಾವಾಗ ಏನು ಗೊತ್ತಿರಲಿಲ್ಲ, ಹೊಳಿಯವ್ವ ಹೋಗುತ್ತಾಳೆಂಬುದೂ ಇವನಿಗಿಂತ ಮೊದಲು ಅವನಿಗೇ ಗೊತ್ತಿತ್ತು, ಹೇಳಿದ್ದ, ಪರಮ್ಯಾ, ಮನ್ಯಾಗ ಮಾತಾಡೋ ಒಂದಿಷ್ಟು. ಈಗ ಹೋಗುವವನು ಅವನು, ಉಳಿಯುವವನಿಗೆ ಉಳಿಯಲಿಕ್ಕೆ ಇದೊಂದೇ ಇದೆ ಎಂದು ಲೆಕ್ಕ ಹಾಕಿ ಕೈಯೆತ್ತಿದ್ದಾನೆ.

ಪರಮೇಶಪ್ಪ ಡಬ್ಬಿಯಿಂದ ಒಂದು ತೋಟಾ ತೆಗೆದ, ಬೆರಳಿಗೆ ತಣ್ಣಗೆ ತಾಗಿತು, ತುಂಬಿದ, ಕೈ ಚಾಚಿದ, ತೋಳು ತಾನಾಗಿ ಹೆಗಲ ಮಟ್ಟಕ್ಕೆ ಹೋಗಿ ನಿಂತಿತು, ಇಡೀ ಆಯುಷ್ಯ ಹೋಗಿ ನಿಂತ ಜಾಗ, ಗುರಿಗೆಂದು ನಳಿಗೆಯ ಮೇಲಿರುವ ಮುಂದಿನ ಕಡ್ಡಿ ಹಿಂದಿನ ಕಂಡಿಯ ನಡುವೆ ಕುಳಿತಿತು, ಅದರಾಚೆ ಕರಿಯ ವೃತ್ತ, ಎರಡು, ಅಲ್ಲ, ಮೂರು, ಸಲಾವುದ್ದೀನನ ಕಾರ್ಡಿನ ಅಂಚೂ ಬಂದು ಸೇರಿದೆ, ನನ್ನದು ಯಾವುದು, ಬಲಗಡೆಯದೇ, ನಡುವಿನದೇ, ತಪ್ಪಿ ಇನ್ನೊಮ್ಮೆ ಅವನ ಕಾರ್ಡಿಗೇ ಹೋದರೆ ಅಲ್ಲಿ ಏಳು ತೂತಾಗುತ್ತವೆ, ಅವನ ಸುಳ್ಳು ಎಲ್ಲರೆದುರು ಹರಿದು ಬೀಳುತ್ತದೆ, ಬಲಗಡೆಗೆ ಸರಿ, ಇನ್ನೂ ಸರಿ, ಕರಿಯದರ ಅಂಚಿಗೆ ತಾಗಿದರೂ ಸಾಕು, ಸಾಕಲ್ಲ, ಗೆಲುವೇ ಆಗುತ್ತದಲ್ಲ, ಇನ್ನೊಂದು ವರ್ಷ ಈ ಕಟ್ಟೆ, ಈ ಬಿಸಿಲು, ಪಕ್ಕದ ಸಾಲು ಮಾತ್ರ ಖಾಲಿ, ಯಾರನ್ನು ನಿಲ್ಲಿಸುತ್ತಾರೆ ಅಲ್ಲಿ, ಯಾರೋ ನಿಲ್ಲುತ್ತಾರೆ, ಅವರ ಕಾರ್ಡಿಗೂ ಹೊಡೆದರೆ ಅವರು ಕೈ ಎತ್ತುವುದಿಲ್ಲ, ಎತ್ತಬೇಕೆಂದೂ ಇಲ್ಲ, ಉಸಿರು ತೆಗೆದುಕೊಂಡ, ಅರ್ಧ ಬಿಟ್ಟ, ಉಳಿದರ್ಧ ನಿಲ್ಲಲಿಲ್ಲ, ಹೊರಗೆ ಬಂದುಬಿಟ್ಟಿತು, ಹೀಗೆ ಎಂದೂ ಆಗಿರಲಿಲ್ಲ, ಮತ್ತೆ ತೆಗೆದುಕೊಂಡ, ಅವನು ಗೆದ್ದಿದ್ದಾನೆ, ಸಲಾವುದ್ದೀನ, ಖರೇ ಗೆದ್ದಿದ್ದಾನೆ, ಮೊದಲ ಸಲ, ಕೊನೆಯ ಸಲ, ಅದನ್ನು ಅವನ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಲೇ — ಟೈಮ್ ಒಂದು ನಿಮಿಷ ಎಂದ ಕಿರಣಕುಮಾರ — ಕೈ ಇಳಿಯಿತು, ತೋಟಾ ಹೊರಗೆ ತೆಗೆದ, ಪಿಸ್ತೂಲಿನ ಬಾಯಿ ತೆರೆದು ಕಟ್ಟೆಯ ಮೇಲಿಟ್ಟ, ಕುತ್ತಿಗೆ ತಿರುಗಿಸದೆ, ಎದುರಿಗೇ ನೋಡುತ್ತ ಹೇಳಿದ.

ಆ ಆರನೇ ತೂತು ನಂದರಿ. ನನಗ ಕಣ್ಣು ಕಾಣವಲ್ದು.

ಗುಡ್ಡದ ಆಚೆ ಒಂದು ಲಾರಿ ಏರು ಹತ್ತಿತು, ಕಿರಣಕುಮಾರ ಹತ್ತಿರ ಬಂದು ಏನು ಮಾಡಬೇಕು ತಿಳಿಯದೆ ಹೆಗಲ ಮೇಲೆ ಕೈಯಿಟ್ಟ, ಅಷ್ಟು ಸಣ್ಣವನು ಹೆಗಲ ಮೇಲೆ ಕೈಯಿಡಬಾರದಿತ್ತು, ಒಳ್ಳೆಯ ಹುಡುಗ, ಸಾಬರು ಸುಳ್ಳು ಹೇಳಿದ್ದನ್ನು ಬರೆಯಲಿಲ್ಲ, ಎಣಿಸೂದ್ರಾಗ ತಪ್ಪಿತಂತ ತಿಳಕೊಳ್ಳೂಣು ಎಂದ, ಬಂಗಾರದ ಬಣ್ಣದ ಪದಕವನ್ನು ಸಲಾವುದ್ದೀನನ ಕೊರಳಿಗೆ ಹಾಕಿದ, ಹತ್ತು ಮಂದಿ ಮುದುಕರು ಚಪ್ಪಾಳೆ ತಟ್ಟಿದರು, ಸಲಾವುದ್ದೀನ ತಲೆ ಬಗ್ಗಿಸಿ ಹಾಕಿಸಿಕೊಂಡ, ಕೂಡಲೇ ತೆಗೆದು ಅಂಗಿಯ ಕಿಸೆಗೆ ಹಾಕಿದ, ನಗಲಿಲ್ಲ, ನಗುತ್ತಾನೆ ಎಂದುಕೊಂಡಿದ್ದ ಪರಮೇಶಪ್ಪ, ಭಾರ ಐತೆಲ್ಲೋ ಇದು ಎಂದೋ ಕುತ್ತಿಗಿ ನೋಯತೈತಿ ಎಂದೋ ಏನಾದರೂ ಒಂದು ಅನ್ನುತ್ತಾನೆ ಎಂದುಕೊಂಡಿದ್ದ, ಅನ್ನಲಿಲ್ಲ, ಹಾವೇರಿಯ ಬಸ್‌ಸ್ಟ್ಯಾಂಡಿನವರೆಗೆ ಆಟೋದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರೂ ಅನ್ನಲಿಲ್ಲ, ರಾಣೆಬೆನ್ನೂರಿನ ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತ, ಪರಮೇಶಪ್ಪ ಪಕ್ಕ ಕುಳಿತ, ಮಾತಾಡಬೇಕು, ಏನು ಮಾತಾಡಬೇಕು, ಇಷ್ಟು ವರ್ಷ ಮಾತಾಡಿದ್ದೆಲ್ಲ ಅವನೇ, ಇವನು ಹೂಂ ಎಂದದ್ದು, ಈಗ ಅವನು ನಿಲ್ಲಿಸಿದ ಮೇಲೆ ಹೂಂ ಎನ್ನಲಿಕ್ಕೂ ಏನೂ ಇಲ್ಲ, ಮಗಳ ಮನಿ ದೊಡ್ಡದೈತೇನು ಎಂದ, ಹೂಂ ಎಂದ ಸಲಾವುದ್ದೀನ, ಹೊಲಗಳಲ್ಲಿ ಕೆಂಪಗೆ ಹರವಿದ ಮೆಣಸಿನಕಾಯಿ ಹಿಂದೆ ಹಿಂದೆ ಓಡಿತು, ಬಲಗಣ್ಣಿಗೆ ಎರಡು ಹೊಲ, ಎರಡು ಕೆಂಪು, ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬ್ಯಾಡಗಿಗೆ ಇಳಿಯಬೇಕು, ಕಂಡಕ್ಟರು ಸೀಟಿ ಊದಿದ, ಪರಮೇಶಪ್ಪ ಎದ್ದ, ಕಂಬ ಹಿಡಿದ, ಆಗ ಸಲಾವುದ್ದೀನ ಕಿಟಕಿಯ ಹೊರಗೇ ನೋಡುತ್ತ ಮೆಲ್ಲಗೆ ಹೇಳಿದ, ಬಸ್ಸಿನ ಸದ್ದಿನಲ್ಲಿ ಇವನಿಗೊಬ್ಬನಿಗೇ ಕೇಳುವಷ್ಟು.

ಇಷ್ಟು ವರ್ಷ ನಿನ್ನ ಕಡಿಂದ ಎರಡನೇ ನಂಬರ್ ತಗೊಂಡೆ ನಾ, ಒಮ್ಮಿನೂ ಬ್ಯಾಡ ಅನ್ನಲಿಲ್ಲ. ನನ್ನ ಕಡಿಂದ ಒಂದು ಗುಂಡು ತಗೊಳ್ಳಾಕ ಆಗಲಿಲ್ಲ ನಿನಗ.

ಇಳಿದ. ಬಸ್ಸು ಹೋಯಿತು. ಕ್ರಾಸಿನಲ್ಲಿ ಟಂಟಂ ಗಾಡಿಯವನು ಬ್ಯಾಡಗಿ ಬ್ಯಾಡಗಿ ಎಂದು ಕರೆಯುತ್ತಿದ್ದ, ನಡೆದೇ ಹೋದ, ನಿನ್ನ ಗೆಲುವು ನಿನಗೆ ಕೊಟ್ಟೆನಲ್ಲೋ, ಖರೇ ಹೇಳಿದೆನಲ್ಲೋ, ಅದರಲ್ಲಿ ತಪ್ಪೇನಿತ್ತು ಎಂದು ದಾರಿಯುದ್ದಕ್ಕೂ ಹೋದ ಬಸ್ಸಿನ ಕಿಟಕಿಗೆ ಉತ್ತರ ಕೊಡುತ್ತ ನಡೆದ, ತಪ್ಪೇನೂ ಇರಲಿಲ್ಲ, ಇನ್ನೊಮ್ಮೆ ನಿಂತರೂ ಹಾಗೆಯೇ ಹೇಳುತ್ತಿದ್ದ, ಆದರೆ ಹೇಳುವಾಗ ಎಲ್ಲಿ ನೋಡುತ್ತಿದ್ದೆ, ಎದುರಿಗೆ, ಕರಿಯ ವೃತ್ತದ ಕಡೆಗೆ, ಒಮ್ಮೆ ಕುತ್ತಿಗೆ ತಿರುಗಿಸಿ ಅವನ ಮುಖ ನೋಡಿ, ಸಾಕು ಬಿಡೋ ಸಲಾವುದ್ದೀನ, ತಗೊಂಡೆ ಬಿಡು ನೀ ಕೊಟ್ಟದ್ದನ್ನ, ಮುಟ್ಟಿತು ಬಿಡು ಎಂದು ಅವನೊಬ್ಬನಿಗೇ ಕೇಳುವ ಹಾಗೆ ಅಂದು, ಆಮೇಲೆ ಸಾಹೇಬರಿಗೆ ಹೇಳಬಹುದಿತ್ತು, ಒಂದು ನಿಮಿಷವಿತ್ತು, ಪೂರಾ ಒಂದು ನಿಮಿಷ, ಒಂದು ನಿಮಿಷ ಎಂದರೆ ಗುರಿ ಹಿಡಿಯುವವನಿಗೆ ಎಷ್ಟು ಉದ್ದ ಎಂದು ಅವನಿಗಲ್ಲದೆ ಯಾರಿಗೆ ಗೊತ್ತು. ಶುಕ್ರವಾರ ಗೇಟಿನ ಮುಂದೆ ಕುಳಿತ. ಫೋನು ಕೈಯಲ್ಲಿ ಹಿಡಿದ, ಹೆಸರು ಎರಡಾಗಿ ಕಂಡಿತು, ಒತ್ತಲಿಲ್ಲ. ಶನಿವಾರ ಪೇಟೆಯ ಹತ್ತಿರ ಹೊಳಿಯವ್ವ ಎದುರಾದಳು, ಊಟ ಆತೇನ್ರಿ ಎಂದಳು, ಆತು ಎಂದ, ಅವಳು ನಿಂತಳು, ಇವನು ಎಡಗಣ್ಣಿನಿಂದ ಅವಳ ಮುಖ ನೋಡಿದ, ಬಲಗಣ್ಣು ಮುಚ್ಚಿಯೇ ನೋಡಿದ, ಸಲಾವುದ್ದೀನ ನಾಳೆ ಹೊಕ್ಕಾನ ಎಂದ, ಅವಳು ತಲೆಯ ಬಟ್ಟೆ ಬಿಚ್ಚಿ ಜಾಡಿಸಿದಳು, ಅಣ್ಣ ಹೊಕ್ಕಾನ, ನೀವು ಸ್ಟೇಷನ್ನಿಗಾದ್ರೂ ಹೋಗ್ರಿ ಎಂದಳು, ಎಂದು ನಿಲ್ಲದೆ ಹೋದಳು. ಸೊಲ್ಲಾಪುರದ ಆ ರೈಲು ಬ್ಯಾಡಗಿಯಲ್ಲಿ ನಿಲ್ಲುವುದಿಲ್ಲ, ರಾಣೆಬೆನ್ನೂರು ಬಿಟ್ಟರೆ ಹಾವೇರಿ, ಅವನಿಗೆ ಗೊತ್ತು, ಆದರೂ ಮರುದಿನ ಹೋಗಿ ಪ್ಲಾಟ್‌ಫಾರ್ಮಿನ ನಡುವೆ ನಿಂತ, ಕಾಲು ಅಗಲಿಸಿ, ತೂಕ ಎರಡೂ ಪಾದಕ್ಕೆ ಸಮನಾಗಿ ಹಂಚಿ, ನಿಲ್ಲುವುದು ಬೇರೆ ರೀತಿ ಬಾರದು ಅವನಿಗೆ, ಹಳಿ ಗುಂಯ್ ಎಂದಿತು, ಇಂಜಿನ್ನು ಬಂತು, ಗಾಳಿ ಮುಖಕ್ಕೆ ಹೊಡೆಯಿತು, ಡಬ್ಬಿಗಳು, ಕಿಟಕಿಗಳು, ಒಂದು ಕಿಟಕಿ ಎರಡಾಗಿ, ಎರಡು ನಾಲ್ಕಾಗಿ, ಮುಖಗಳು ಒಂದರೊಳಗೊಂದು ಹೊಕ್ಕು ಉದ್ದನೆಯ ಒಂದು ಗೀಟಾಗಿ, ಯಾರಿದ್ದರು ಯಾರಿರಲಿಲ್ಲ, ಬಲಗಣ್ಣು ಮುಚ್ಚಬೇಕೆಂದು ನೆನಪಾಗುವಷ್ಟರಲ್ಲಿ ಕೊನೆಯ ಡಬ್ಬಿ ದಾಟಿತ್ತು, ಹಳಿಯ ಆಚೆ ಚೀಲ ಹೊರುವವರು ಬೀಡಿ ಸೇದುತ್ತ ಕುಳಿತಿದ್ದರು, ಅವರನ್ನು ನೋಡುತ್ತ ನಿಂತ, ಅವರನ್ನಲ್ಲ, ಆ ಕೈಯನ್ನು, ಕಟ್ಟೆಯ ಎಡಗಡೆ ನಿಧಾನವಾಗಿ ಏಳುವ ಕೈ, ತೋಳು ಜಾರಿ, ಮಣಿಕಟ್ಟಿನ ಮೇಲೆ ಬಿಳಿಯ ಗುರುತು, ಬೆರಳು ಕೂಡಿ, ಅದು ಮಾತ್ರ ಎರಡಾಗುವುದಿಲ್ಲ, ಬಲಗಣ್ಣಿನಲ್ಲಿ ನೋಡಿದರೂ ಒಂದೇ, ಎಡಗಣ್ಣಿನಲ್ಲಿ ನೋಡಿದರೂ ಒಂದೇ, ಕಣ್ಣು ಮುಚ್ಚಿದರೂ, ಎತ್ತಿದ ಕೈ, ಎತ್ತಿದ್ದು ಎತ್ತಿದ ಹಾಗೇ, ಕೈ —

ಸಲಾವುದ್ದೀನ ಹೋದದ್ದು ಆದಿತ್ಯವಾರ.